ಏಳನೇ ನಂಬರ್ ಫಾರಂ ಮತ್ತು ಬಚ್ಚಲ ಒಲೆ

1975ರ ಜೂನ್ 26, ಗುರುವಾರ. ಬೆಳಿಗ್ಗೆ ನಾನು ಒಡೆಯರ ಮನೆಯ ಅಂಗಳದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ನಿಂತಿದ್ದೆ. ಸಾಗರದ ಕಡೆಯ ಜೂನ್ ಅಂದ್ರೆ ಗೊತ್ತಲ್ಲ, ಆಕಾಶ ತೂತಾದ ಹಾಗೆ ಮಳೆ. ತೋಟದ ಮೇಲಿನ ದರೆ ಕುಸಿದಿದೆ ಅಂತ ಹೇಳಿ ಬರಲು ಅಪ್ಪ ಕಳಿಸಿದ್ದ. ಹೇಳಿಯಾಗಿತ್ತು. ಆದರೂ ನಾನು ಹೊರಟಿರಲಿಲ್ಲ. ಜಗಲಿಯ ಮೇಲೆ ರೇಡಿಯೊ ಮಾತಾಡುತ್ತಿತ್ತು.

ಊರಿಗೆ ಇದ್ದದ್ದು ಅದೊಂದೇ ರೇಡಿಯೊ. ಅವರು ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ನಾವು ಅಂಗಳದಲ್ಲಿ ನಿಂತು ಕೇಳುತ್ತಿದ್ದೆವು. ಮಳೆಗಾಲದಲ್ಲಿ ನಮಗೆ ಅರ್ಧ ವಾರ್ತೆ ಮಾತ್ರ ಸಿಗುತ್ತಿತ್ತು, ಉಳಿದರ್ಧ ಹೆಂಚಿನ ಮೇಲೆ ಬೀಳುವ ಮಳೆಗೆ. ಆವತ್ತು ಕೇಳಿಸಿದ್ದು ಒಬ್ಬ ಹೆಂಗಸಿನ ದನಿ. ಹಿಂದಿ. ಒಡೆಯರ ಕಿರಿಮಗ ನನ್ನ ಓರಗೆಯವನು. ಇಬ್ಬರೂ ಒಂದೇ ಕಾಲೇಜು, ಒಂದೇ ಬಸ್ಸು. ಅವನಿಗೆ ಸ್ವಲ್ಪ ಹಿಂದಿ ಬರುತ್ತಿತ್ತು. "ರಾಷ್ಟ್ರಪತಿ ತುರ್ತು ಪರಿಸ್ಥಿತಿ ತಂದಿದ್ದಾರಂತೆ. ಗಾಬರಿ ಆಗೋದು ಬೇಡ ಅಂತಿದ್ದಾರೆ," ಎಂದ.

ಒಡೆಯರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಗಾಬರಿ ಬೇಡ ಅಂತ ದೊಡ್ಡೋರು ಹೇಳಿದ್ರೆ ಗಾಬರಿ ಆಗೋದು ಒಳ್ಳೇದು," ಎಂದರು. ಆಮೇಲೆ ನನ್ನ ಕಡೆ ನೋಡಿ, "ದರೆಗೆ ಕಲ್ಲು ಕಟ್ಟಬೇಕು ಅಂತ ಹೇಳು ನಿನ್ನಪ್ಪಂಗೆ," ಎಂದು ಒಳಗೆ ಹೋದರು.

ನನಗೆ ಆಗ 18 ವರ್ಷ. ಬಿ.ಎ. ಮೊದಲನೇ ವರ್ಷ. ಸರ್ವಾಧಿಕಾರ ಅಂದ್ರೆ ಬೂಟಿನ ಸದ್ದು, ಮಿಲಿಟರಿ ಲಾರಿ, ಹಿಟ್ಲರನ ಮೀಸೆ ಅಂದುಕೊಂಡಿದ್ದ ವಯಸ್ಸು. ನಮ್ಮಲ್ಲಿ ಅದು ಹಾಗೆ ಬರಲೇ ಇಲ್ಲ. ಸೀಲು ಹೊಡೆಸಿಕೊಂಡು, ರುಜು ಹಾಕಿಸಿಕೊಂಡು, ಸಂವಿಧಾನದ 352ನೇ ವಿಧಿ ಹಿಡಿದುಕೊಂಡು ಬಂತು. ಹಿಂದಿನ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ರುಜು ಹಾಕಿದ್ದರು. ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಚುನಾವಣೆ ರದ್ದು ಮಾಡಿತ್ತು. ಅಲ್ಲಿಂದ ಲೆಕ್ಕ ಹಾಕಿದರೆ ಬರೀ ಎರಡು ವಾರ. ಅದೇ 26ರಂದು ನಮ್ಮ ಬೆಂಗಳೂರಿನಲ್ಲೇ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅರೆಸ್ಟ್ ಆದರು. ಸಂಸತ್ತಿನ ಸಮಿತಿಯೊಂದರ ಸಭೆಗೆ ಅಂತ ಬಂದಿದ್ದವರು, ಶಾಸಕರ ಭವನದಲ್ಲಿ ಇಳಿದಿದ್ದರು. ಇದು ನಮಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಅದೂ ಬಾಯಿಂದ ಬಾಯಿಗೆ. ಪೇಪರಿನಲ್ಲಿ ಅಲ್ಲ.

ಈಗ ಆ ದಿನಗಳ ಬಗ್ಗೆ ಬರೆಯುವವರು ಜಾಸ್ತಿ ಬರೆಯೋದು ಜೈಲಿನ ಕಥೆ. ಅದು ಬರೆಯಬೇಕಾದ್ದೇ. ನನ್ನದು ಜೈಲಿಗೆ ಹೋಗದವನ ಕಥೆ. ಅಷ್ಟೇ ಅಲ್ಲ, ಆ 21 ತಿಂಗಳಲ್ಲಿ ನಮ್ಮ ಮನೆಗೆ ಒಳ್ಳೆಯದೇ ಆಯಿತು. ಇದನ್ನು ಹೇಳೋದು ನನಗೆ ಇಷ್ಟು ವರ್ಷ ಕಷ್ಟವಾಗಿತ್ತು.

ನಾವು ಒಡೆಯರ ಜಮೀನಿನ ಗೇಣಿಯವರು. 2 ಎಕರೆ 10 ಗುಂಟೆ ಗದ್ದೆ, ಅಜ್ಜನ ಕಾಲದಿಂದ. ಉಳುವವರು ನಾವು, ನಟ್ಟಿ ನಮ್ಮದು, ಕೊಯ್ಲು ನಮ್ಮದು, ಅಳೆಯುವ ಕೊಳಗ ಮಾತ್ರ ಅವರದು. ಬೆಳೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವರ ಪಣತಕ್ಕೆ, ಅಂದ್ರೆ ಭತ್ತದ ಕಣಜಕ್ಕೆ, ಹೋಗುತ್ತಿತ್ತು. ಕಾನೂನಿನಲ್ಲಿ ಅಷ್ಟು ಕೊಡಬೇಕಿಲ್ಲ ಅಂತ ಆಗಲೇ ಇತ್ತಂತೆ. ಕಾನೂನು ನಮ್ಮೂರಿನ ಬಸ್ಸು ಹತ್ತಿರಲಿಲ್ಲ, ಅಷ್ಟೆ. ಗೇಣಿ ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ. ಪಹಣಿಯಲ್ಲಿ ನಮ್ಮ ಹೆಸರೂ ಇಲ್ಲ.

ಕೊಳಗ ಅಂದ ತಕ್ಷಣ ಸಾಗರದವರಿಗೆ ಕಾಗೋಡು ನೆನಪಾಗುತ್ತದೆ. 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಇದೇ ತಾಲ್ಲೂಕಿನ ಕಾಗೋಡಿನಲ್ಲಿ, ಜಗಳ ಶುರುವಾದದ್ದು ಅಳತೆಯ ಕೊಳಗದ ಗಾತ್ರದಿಂದ. ಎಚ್. ಗಣಪತಿಯಪ್ಪ ಮುಂದೆ ನಿಂತರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಜೊತೆಗೆ ಬಂದರು. ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಅರೆಸ್ಟ್ ಆದರು. ನಮ್ಮ ದೊಡ್ಡಪ್ಪನೂ ಆ ಸಾಲಿನಲ್ಲಿ ಇದ್ದ. ಗದ್ದೆಗೆ ಇಳಿದು ನೇಗಿಲು ಹೂಡಿ ಜೈಲಿಗೆ ಹೋಗಿದ್ದ. ಅವನ ಎಡಗೈಯ ಒಂದು ಬೆರಳು ನೆಟ್ಟಗೆ ಆಗುತ್ತಿರಲಿಲ್ಲ. ಲಾಠಿ ಬಿದ್ದದ್ದು ಅಂತ ಹೇಳುತ್ತಿದ್ದ. ಎಮ್ಮೆ ತುಳಿದದ್ದು ಅಂತ ದೊಡ್ಡಮ್ಮ ಹೇಳುತ್ತಿದ್ದಳು. ಯಾವುದು ನಿಜವೋ.

ಆ ಹೋರಾಟ ಆಗಿ 23 ವರ್ಷದ ಮೇಲೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಸರ್ಕಾರದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಪದ್ಧತಿಯೇ ಹೋಯಿತು. ಗೇಣಿ ಜಮೀನೆಲ್ಲ ಆ ದಿನದಿಂದ ಸರ್ಕಾರಕ್ಕೆ ಸೇರಿತು. ಉಳುವವನು ಏಳನೇ ನಂಬರ್ ಫಾರಂ ತುಂಬಿ ಕೊಟ್ಟರೆ ತಾಲ್ಲೂಕಿನ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನಿಗೇ ಕೊಡಬೇಕು. ನಮ್ಮ ಕಡೆ ಇದಕ್ಕೆ 'ಡಿಕ್ಲರೇಷನ್ ಹಾಕೋದು' ಅನ್ನುತ್ತಿದ್ದರು. ನ್ಯಾಯಮಂಡಳಿಯ ಮುಂದೆ ವಕೀಲರು ಬರುವ ಹಾಗಿರಲಿಲ್ಲ. ಇದು ದೊಡ್ಡ ಮಾತು. ವಕೀಲರು ಬಂದಿದ್ದರೆ ಅಪ್ಪ ಬಾಯಿ ಬಿಡುತ್ತಿರಲಿಲ್ಲ.

ಗಮನಿಸಿ, ಈ ಕಾನೂನು ತುರ್ತು ಪರಿಸ್ಥಿತಿಗಿಂತ ಮೊದಲಿನದು. ಆದರೆ ನಮ್ಮ ತಾಲ್ಲೂಕಿನಲ್ಲಿ ಫಾರಂಗಳು ಮೇಜಿನಿಂದ ಮೇಜಿಗೆ ಓಡಾಡಿದ್ದು, ನೋಟೀಸು ಬಂದದ್ದು, ವಿಚಾರಣೆ ನಡೆದದ್ದು ಆ ದಿನಗಳಲ್ಲೇ. ಜುಲೈ 1ಕ್ಕೆ 20 ಅಂಶಗಳ ಕಾರ್ಯಕ್ರಮ ಬಂತು. ಜೀತ ಹೋಗಬೇಕು, ಬಡವರ ಸಾಲ ಹೋಗಬೇಕು, ಭೂಮಿ ಹಂಚಬೇಕು ಅಂತ ರೇಡಿಯೊ ದಿನಾ ಹೇಳುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲವೂ ಕಲಸಿಹೋಯಿತು. ಅವ್ವನಿಗೆ ಅರಸು, ಇಂದಿರಾಗಾಂಧಿ, ರೇಡಿಯೊ, ಎ.ಸಿ. (ಅಸಿಸ್ಟೆಂಟ್ ಕಮಿಷನರ್) ಸಾಹೇಬರು ಎಲ್ಲ ಒಂದೇ ದೇವರ ಬೇರೆ ಬೇರೆ ಮುಖ.

ದೊಡ್ಡಪ್ಪನಿಗೆ ಮಾತ್ರ ಕಲಸಲಿಲ್ಲ. ಅವನ ಜೊತೆ ಕಾಗೋಡಿನಲ್ಲಿ ಇದ್ದ ಸಮಾಜವಾದಿಗಳಲ್ಲಿ ಕೆಲವರು ಈಗ ಜೈಲಿನಲ್ಲಿ, ಇನ್ನು ಕೆಲವರು ಮನೆ ಬಿಟ್ಟು ಓಡಾಡುತ್ತಿದ್ದರು. ಗೇಣಿದಾರನಿಗೆ ಭೂಮಿ ಬೇಕು ಅಂತ ಮೊದಲು ಕೂಗಿದವರು ಒಳಗೆ. ಭೂಮಿ ಕೊಡುವವರೇ ಅವರನ್ನು ಒಳಗೆ ಹಾಕಿದವರು. ದೊಡ್ಡಪ್ಪ ಜಗಲಿಯಲ್ಲಿ ಕೂತು ತನ್ನ ಫಾರಂ ಅನ್ನು ನನ್ನ ಕೈಲಿ ತುಂಬಿಸಿದ. ಹೆಬ್ಬೆಟ್ಟು ಒತ್ತುವವನಲ್ಲ ಅವನು, ಜೈಲಿನಲ್ಲಿ ರುಜು ಕಲಿತಿದ್ದ. ರುಜು ಹಾಕಿ ಬಹಳ ಹೊತ್ತು ಅದನ್ನೇ ನೋಡಿದ. "ಇದು ನಮ್ದೇ ಆಗಿತ್ತಲ್ಲೋ ತಮಾ. ಈಗ ಇಸ್ಕೊಳ್ಳೋ ಹಾಗಾಯ್ತು," ಎಂದ.

ಆ ಮಾತು ಆಗ ಅರ್ಥವಾಗಲಿಲ್ಲ. ಫಾರಂ ಸರಿಯಾಗಿ ತುಂಬಿದೆನಾ ಅನ್ನೋದೇ ನನ್ನ ಚಿಂತೆ. ಇಡೀ ಕೇರಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬ. ಆ ವರ್ಷ ಎಷ್ಟು ಜನರ ಸರ್ವೆ ನಂಬರ್ ಬರೆದೆನೋ ಲೆಕ್ಕವಿಲ್ಲ. ನಾನು ದೊಡ್ಡವನಾದೆ ಅಂತ ಮೊದಲು ಅನಿಸಿದ್ದು ಆಗಲೇ. ಮೀಸೆ ಬಂದಾಗ ಅಲ್ಲ, ಮುದುಕರು ನನ್ನೆದುರು ಕೂತು "ನೋಡಿ ಬರಿಯೋ ಮಗಾ" ಅಂದಾಗ.

ಕಾಲೇಜಿನಲ್ಲಿ ಏನಾಗುತ್ತಿತ್ತು ಅಂದ್ರೆ, ಏನೂ ಆಗುತ್ತಿರಲಿಲ್ಲ. ಅದೇ ವಿಶೇಷ. ಬಸ್ಸಿನ ಮೇಲೆ 'ಮಾತು ಕಡಿಮೆ, ಹೆಚ್ಚು ದುಡಿಮೆ' ಅಂತ ಬರೆದಿದ್ದರು. ಕಂಡಕ್ಟರ್ ಅದನ್ನು ಚಿಲ್ಲರೆ ಕೇಳುವವರಿಗೆ ಹೇಳುತ್ತಿದ್ದ. ರೈಲೆಲ್ಲ ಟೈಮಿಗೆ ಸರಿಯಾಗಿ ಬರುತ್ತಿದ್ದವು ಅಂತ ಈಗಲೂ ಹೇಳುವವರಿದ್ದಾರೆ. ನಮ್ಮ ತಾಳಗುಪ್ಪದ ರೈಲು ಯಾವ ಸರ್ಕಾರಕ್ಕೂ ಹೆದರಿದ್ದು ನನಗಂತೂ ನೆನಪಿಲ್ಲ.

ರಾಜ್ಯಶಾಸ್ತ್ರದ ಮೇಷ್ಟ್ರು ಸಂವಿಧಾನ ಪಾಠ ಮಾಡುತ್ತಿದ್ದರು. ಪೀಠಿಕೆ ಮುಗಿಯಿತು. ಮುಂದಿನದು ಮೂಲಭೂತ ಹಕ್ಕುಗಳು. ಅವರು ಪುಸ್ತಕ ತೆರೆದರು, ಕನ್ನಡಕ ಒರೆಸಿದರು, ಹತ್ತಿಪ್ಪತ್ತು ಪುಟ ಒಟ್ಟಿಗೆ ಮಗುಚಿದರು. "ಇದನ್ನ ನೀವೇ ಓದ್ಕೊಳ್ಳಿ. ಪರೀಕ್ಷೆಗೆ ಬರುತ್ತೆ," ಎಂದರು. ಹಿಂದಿನ ಬೆಂಚಿನಿಂದ ಯಾರೋ, "ಪರೀಕ್ಷೆಗೆ ಮಾತ್ರ," ಎಂದರು. ಯಾರೂ ನಗಲಿಲ್ಲ. 40 ಜನ ಹುಡುಗರಿರುವ ಕ್ಲಾಸಿನಲ್ಲಿ ಒಂದು ಜೋಕಿಗೆ ಯಾರೂ ನಗದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೇಷ್ಟ್ರ ಕಿವಿ ಕೆಂಪಾಯಿತು. ಅವರು ಹೆದರುಪುಕ್ಕಲು ಅಂತ ಆಗ ನಾವು ತೀರ್ಮಾನ ಮಾಡಿಬಿಟ್ಟೆವು. ಅವರಿಗೆ ಮೂರು ಹೆಣ್ಣುಮಕ್ಕಳು, ಬಾಡಿಗೆ ಮನೆ. ಇದು ನಮ್ಮ ಲೆಕ್ಕಕ್ಕೆ ಬರಲೇ ಇಲ್ಲ.

ನಮ್ಮೂರಿನ ಪ್ರೈಮರಿ ಶಾಲೆ ಮೇಷ್ಟ್ರ ಪಾಡು ಇನ್ನೂ ಕಷ್ಟ. ಅವರಿಗೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಕೇಸು ತರಬೇಕು ಅಂತ ಮೇಲಿನಿಂದ ಒತ್ತಡ. ಮನೆಮನೆಗೆ ಬರುತ್ತಿದ್ದರು. ಕೂಸು ಇರುವ ಗಂಡಸರು ಅವರ ಸೈಕಲ್ ಕಂಡರೆ ಹಿತ್ತಲ ಕಡೆ ಓಡುತ್ತಿದ್ದರು. ಉತ್ತರದ ಕಡೆ ನಡೆದಷ್ಟು ಜುಲುಮೆ ನಮ್ಮೂರಲ್ಲಿ ನಡೆಯಲಿಲ್ಲ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಜಾಸ್ತಿ ಆಪರೇಷನ್ ಆದವು ಅಂತ ಆಮೇಲೆ ಓದಿದೆ. ನಮ್ಮ ಮೇಷ್ಟ್ರು ಕೊನೆಗೆ ತಮ್ಮದೇ ಕೇಸು ಕೊಟ್ಟು ಬಂದರು ಅಂತ ಊರೆಲ್ಲ ನಕ್ಕಿತು. ನಾನೂ ನಕ್ಕೆ.

ಈಗ ಬಚ್ಚಲ ಒಲೆಯ ವಿಷಯಕ್ಕೆ ಬರುತ್ತೇನೆ.

1975ರ ನವೆಂಬರ್ 14ರಿಂದ ದೇಶದಲ್ಲೆಲ್ಲ ಸತ್ಯಾಗ್ರಹ ಶುರುವಾಗಿತ್ತು. ನಾಲ್ಕೈದು ಜನ ಪೇಟೆಯಲ್ಲಿ ನಿಂತು ಘೋಷಣೆ ಕೂಗೋದು, ಪೊಲೀಸರು ಬಂದು ವ್ಯಾನಿಗೆ ಹಾಕೋದು. ಪೇಪರಿನಲ್ಲಿ ಒಂದು ಸಾಲೂ ಬರುತ್ತಿರಲಿಲ್ಲ. ಡಿಸೆಂಬರ್ ಮೊದಲ ವಾರ, ಕೊಯ್ಲು ಮುಗಿಯುವ ಹೊತ್ತು. ಬಸ್ಸಿನಲ್ಲಿ ಒಡೆಯರ ಕಿರಿಮಗ ನನ್ನ ಪಕ್ಕ ಕೂತ. ಊರೊಳಗೆ ಅವನು ನನ್ನ ಪಕ್ಕ ಕೂರುವ ಹಾಗಿರಲಿಲ್ಲ, ಬಸ್ಸಿನಲ್ಲಿ ಕೂರುತ್ತಿದ್ದ. ತನ್ನ ನೋಟ್ ಬುಕ್ ನನ್ನ ಮಡಿಲಲ್ಲಿ ಇಟ್ಟ. "ಇದರೊಳಗೆ ಹಾಳೆ ಇದೆ. ಓದು. ನಾಳಿದ್ದು ಕಾಲೇಜಿನಲ್ಲಿ ಒಬ್ಬರು ಬಂದು ಕೇಳ್ತಾರೆ, ಅವರಿಗೆ ಕೊಡು," ಎಂದ. ಅವನ ಮುಖದಲ್ಲಿ ಒಂಥರಾ ಹಬ್ಬದ ಕಳೆ ಇತ್ತು. ಅವನು ಆರೆಸ್ಸೆಸ್ ಸಂಘದ ಶಾಖೆಗೆ ಹೋಗುತ್ತಿದ್ದವನು. ಜುಲೈನಲ್ಲೇ ಅದು ನಿಷೇಧವಾಗಿತ್ತು. ನಮ್ಮ ದೊಡ್ಡಪ್ಪನ ರಾಜಕೀಯಕ್ಕೂ ಅವನದಕ್ಕೂ ಆಗಿಬರುವಂತಿರಲಿಲ್ಲ. ಅದೆಲ್ಲ ನನ್ನ ತಲೆಗೆ ಬರಲಿಲ್ಲ. ಅವನು ನನ್ನನ್ನು ನಂಬಿದ ಅನ್ನೋದೊಂದೇ ಬಂತು.

ಏಳು ಹಾಳೆ. ಸೈಕ್ಲೋಸ್ಟೈಲ್ ಮಾಡಿದ್ದು. ಮಸಿ ಬೆರಳಿಗೆ ಹತ್ತುತ್ತಿತ್ತು. ಮೊದಲ ಹಾಳೆ ದನದ ಕೊಟ್ಟಿಗೆಯಲ್ಲಿ ಕೂತು ಓದಿದೆ. ಯಾರು ಯಾರು ಯಾವ ಜೈಲಿನಲ್ಲಿ ಇದ್ದಾರೆ ಅಂತ ಒಂದು ಪಟ್ಟಿ. ಎಲ್ಲೋ ಒಬ್ಬ ವಿದ್ಯಾರ್ಥಿಗೆ ಹೊಡೆದ ವಿವರ. ಅವನ ವಯಸ್ಸೂ ನನ್ನ ವಯಸ್ಸೂ ಒಂದೇ. ಅಷ್ಟರಲ್ಲಿ ಅವ್ವ ಹಾಲು ಕರೆಯಲು ಬಂದಳು. ಹಾಳೆಗಳನ್ನು ಪಣತದ ಹಿಂದೆ ಸಿಗಿಸಿಟ್ಟೆ.

ಮಾರನೇ ದಿನ ಅವನು ಇನ್ನು ನಾಲ್ಕು ಜನರ ಜೊತೆ ಸಾಗರದ ಪೇಟೆಯಲ್ಲಿ ಘೋಷಣೆ ಕೂಗಿದ. ನಾನು ಕಾಲೇಜಿನ ಒಳಗಿದ್ದೆ. ಸುದ್ದಿ ಬರುವ ಹೊತ್ತಿಗೆ ವ್ಯಾನು ಹೋಗಿಯಾಗಿತ್ತು. ಸಂಜೆ ಬಸ್ಸಿನಲ್ಲಿ ಅವನ ಜಾಗ ಖಾಲಿ. ಯಾರೂ ಅಲ್ಲಿ ಕೂರಲಿಲ್ಲ, ನಿಂತೇ ಬಂದರು.

ಮನೆಗೆ ಬಂದಾಗ ಅಪ್ಪ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹಂಡೆಯ ನೀರು ಕಾಯುತ್ತಿತ್ತು. ನನ್ನನ್ನು ನೋಡದೆ ಕೇಳಿದ. "ಅಯ್ಯನ ಮಗ ನಿನ್ನ ಕೈಗೆ ಎಂತಾದ್ರೂ ಕೊಟ್ಟಿದ್ನಾ?"

"ಹೂಂ," ಎಂದೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ತಿರುಗಿ ಮಾತಾಡುತ್ತಿದ್ದೆ, ಇಟ್ಟುಕೊಳ್ಳುತ್ತಿದ್ದೆ. ಅವನು ಮೆಲ್ಲಗೆ, ಕೂಲಿಯವನು ಒಡೆಯನ ಹತ್ತಿರ ಕೇಳುವ ಹಾಗೆ, "ನೋಟೀಸು ಬಂದದೆ ತಮಾ. ಫೆಬ್ರವರಿಗೆ ಕರ್ದಿದಾರೆ," ಎಂದ. ಅಷ್ಟೇ. ನ್ಯಾಯಮಂಡಳಿಯ ನೋಟೀಸು. ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದ.

ಪಣತದ ಹಿಂದಿನಿಂದ ಹಾಳೆ ತಂದೆ. ಅಪ್ಪ ಕೈ ಚಾಚಲಿಲ್ಲ. ನಾನೇ ಒಲೆಗೆ ಹಾಕಿದೆ. ಏಳು ಹಾಳೆ ಉರಿಯಲು ಎಷ್ಟು ಹೊತ್ತು ಬೇಕು? ಅಡಿಕೆ ಸಿಪ್ಪೆಯ ಜೊತೆ ಉರಿದು ಹೋಯಿತು. ಆ ನೀರಲ್ಲೇ ಆವತ್ತು ಎಲ್ಲರೂ ಮಿಂದೆವು. ಮಾರನೇ ದಿನ ಕಾಲೇಜಿನ ಗೇಟಿನ ಹತ್ತಿರ ಕನ್ನಡಕದ ಒಬ್ಬರು ನಿಂತಿದ್ದರು. ನನ್ನ ಕಡೆ ನೋಡಿದರು. ನಾನು ನೇರ ಒಳಗೆ ಹೋದೆ.

ದೊಡ್ಡಪ್ಪನಿಗೆ ಅದು ಹೇಗೆ ಗೊತ್ತಾಯಿತೋ. ಎರಡು ದಿನ ಬಿಟ್ಟು ಕಣದಲ್ಲಿ ಸಿಕ್ಕಾಗ ಕೇಳಿದ, "ಓದಿದ್ಯಾ?"

"ಒಂದು ಹಾಳೆ."

"ಪೂರ್ತಿ ಓದಿ ಸುಡ್ಬೇಕಿತ್ತು," ಎಂದು ಹುಲ್ಲು ಕೊಡವುತ್ತಾ ಹೋದ.

ನನ್ನನ್ನು ಹೆದರಿಸಿದ್ದು ಪೊಲೀಸರು ಅಂತ ಹೇಳಿದರೆ ಸುಳ್ಳಾಗುತ್ತದೆ. ಆ 21 ತಿಂಗಳಲ್ಲಿ ಒಬ್ಬ ಪೊಲೀಸನೂ ನನ್ನ ಹೆಸರು ಕೇಳಲಿಲ್ಲ. ನನ್ನ ಬಾಯಿ ಕಟ್ಟಿದ್ದು ಆ 2 ಎಕರೆ 10 ಗುಂಟೆ. ನ್ಯಾಯವಾಗಿ ನಮಗೆ ಸಲ್ಲಬೇಕಾದ್ದು, ಅದಕ್ಕಾಗಿ ದೊಡ್ಡಪ್ಪ ಜೈಲಿಗೆ ಹೋಗಿ ಬಂದದ್ದು, ಬರುವಾಗ ಮಾತ್ರ ಕೊಡುಗೆಯ ವೇಷ ಹಾಕಿಕೊಂಡು ಬಂತು. ಕೊಡುಗೆ ಅಂದಮೇಲೆ ಕೈ ಮುಗಿಯಬೇಕು, ಕೈ ಮುಗಿದವನು ಬಾಯಿ ಮುಚ್ಚಬೇಕು. "ಇಸ್ಕೊಳ್ಳೋ ಹಾಗಾಯ್ತು" ಅಂತ ದೊಡ್ಡಪ್ಪ ಹೇಳಿದ್ದು ಇದನ್ನೇ ಅಂತ ನನಗೆ ಹೊಳೆಯುವ ಹೊತ್ತಿಗೆ ಅವನು ಇರಲಿಲ್ಲ.

ಫೆಬ್ರವರಿ ಬಂತು. ಸಾಗರದ ತಾಲ್ಲೂಕು ಕಚೇರಿ. ಹೊರಗೆ ಜಾತ್ರೆಯಷ್ಟು ಜನ, ಎಲ್ಲರ ಕೈಯಲ್ಲೂ ಕಾಗದ. ಒಳಗೆ ಎ.ಸಿ. ಸಾಹೇಬರು, ಅವರ ಅಕ್ಕಪಕ್ಕ ಮೆಂಬರುಗಳು. ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟ. ಗೋಡೆ ಪಕ್ಕ ಒಂದೇ ಒಂದು ಬೆಂಚು. ಅದರ ಮೇಲೆ ಒಡೆಯರು ಶಾಲು ಹೊದ್ದು ಕೂತಿದ್ದರು. ತುಂಬ ಇಳಿದುಹೋಗಿದ್ದರು. "ಕೂತ್ಕೊಳ್ರಿ," ಎಂದರು ಸಾಹೇಬರು ಅಪ್ಪನಿಗೆ. ಅಪ್ಪ ಬೆಂಚು ನೋಡಿದ, ಒಡೆಯರನ್ನು ನೋಡಿದ, ನಿಂತೇ ಇದ್ದ. "ಕೂತ್ಕೊಳ್ರಿ ಅಂದೆ," ಎಂದು ಅವರು ಇನ್ನೊಂದು ಸಲ ಹೇಳಿದರು. ಆಗ ಒಡೆಯರೇ ಸ್ವಲ್ಪ ಸರಿದು ಜಾಗ ಮಾಡಿದರು. ಅಪ್ಪ ಬೆಂಚಿನ ತುದಿಯಲ್ಲಿ ಒಂದು ಗೇಣಿನಷ್ಟು ಕೂತ. ಅರ್ಧ ಮೈ ಗಾಳಿಯಲ್ಲಿ.

ಎಷ್ಟೋ ಕಡೆ ಜಮೀನಿನವರು "ಇವನು ಗೇಣಿದಾರ ಅಲ್ಲ, ಕೂಲಿಯವನು" ಅಂತ ಹೇಳುತ್ತಿದ್ದರು. ರಸೀದಿ ಇಲ್ಲದವನು ಏನು ತೋರಿಸುತ್ತಾನೆ? ನಮ್ಮ ಹತ್ತಿರ ಇದ್ದದ್ದು ಅಕ್ಕಪಕ್ಕದ ಗದ್ದೆಯವರ ಸಾಕ್ಷಿ, ಅಪ್ಪನ ಕಾಲಿನ ಬಿರುಕು, ಅಷ್ಟೆ. ಒಡೆಯರು ಇಲ್ಲ ಅಂದಿದ್ದರೆ ಕೇಸು ವರ್ಷಗಟ್ಟಲೆ ಎಳೆಯುತ್ತಿತ್ತು.

ಸಾಹೇಬರು ಕೇಳಿದರು. ಒಡೆಯರು ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತಾ ಹೇಳಿದರು, "ಹೌದು. ಇವನೇ ಉಳೋದು. ಇವನ ಅಪ್ಪನ ಕಾಲದಿಂದ."

ಎರಡು ನಿಮಿಷದ ಕೆಲಸ. ಒಂದು ಜನ್ಮದ್ದು.

ಹೊರಗೆ ಬಂದು ಅಪ್ಪ ಅವರ ಕಾಲಿಗೆ ಬೀಳಲು ಹೋದ. ಅವರು ಹಿಂದೆ ಸರಿದರು. "ಶಿವಮೊಗ್ಗದ ಬಸ್ಸು ಎಷ್ಟು ಹೊತ್ತಿಗೆ?" ಎಂದು ನನ್ನ ಕೇಳಿದರು. ಆ ದಿನ ಮಗನನ್ನು ನೋಡುವ ದಿನ. ಅವನು ಶಿವಮೊಗ್ಗ ಜೈಲಿನಲ್ಲಿದ್ದ. ಬಸ್ ಸ್ಟ್ಯಾಂಡಿನ ತನಕ ಅವರ ಚೀಲ ನಾನು ಹಿಡಿದುಕೊಂಡು ಹೋದೆ. ಒಳಗೆ ಚಕ್ಕುಲಿ ಡಬ್ಬಿ ಇತ್ತು, ಒಂದು ಉಣ್ಣೆಯ ಟೊಪ್ಪಿ ಇತ್ತು. ಅವರು ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಅವರು ಸತ್ಯ ಹೇಳಿದ್ದು ಯಾಕೆ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಉರಿಯಿತು. ಮಗ ಒಳಗಿದ್ದಾನೆ, ಈಗ ಸರ್ಕಾರದ ಕಾರ್ಯಕ್ರಮಕ್ಕೆ ಅಡ್ಡ ನಿಂತರೆ ತನ್ನ ಮೇಲೂ ಮೀಸಾ, ವಿಚಾರಣೆಯಿಲ್ಲದೆ ಒಳಗೆ ಹಾಕುವ ಕಾಯ್ದೆ, ಹಾಕಬಹುದು ಅಂತ ಹೆದರಿದರು, ಇದು ಊರಿನವರ ಮಾತು. ಅಪ್ಪನಿಗೆ ಇದು ಇಷ್ಟವಾಗುತ್ತಿರಲಿಲ್ಲ. "ಅವ್ರು ಸತ್ಯವಂತರು," ಎನ್ನುತ್ತಿದ್ದ. ದೊಡ್ಡಪ್ಪ ಎಲೆಯಡಿಕೆ ಉಗಿದು, "ಹೆದ್ರಿ ಹೇಳಿದ್ರೂ ಸತ್ಯ ಸತ್ಯವೇ. ಗದ್ದೆ ನಮ್ದು. ಆದ್ರೆ ಹಾಗೆ ಬಂದದ್ದು ನಂಗೆ ಬೇಡಾಗಿತ್ತು," ಎನ್ನುತ್ತಿದ್ದ. ಬೇಡಾಗಿತ್ತು ಅಂದರೂ ಅವನದೂ ಅದೇ ತಿಂಗಳು ಬಂತು. ಬಿಡಲಿಲ್ಲ. ಯಾಕೆ ಬಿಡಬೇಕು?

ಆ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ತುರ್ತು ಪರಿಸ್ಥಿತಿ ಇರುವಾಗ ಬಂಧನ ಸರಿಯಿಲ್ಲ ಅಂತ ಕೋರ್ಟಿಗೆ ಹೋಗುವ ಹಕ್ಕೇ ಇಲ್ಲ ಅಂತ ನಾಲ್ಕು ಜನ ನ್ಯಾಯಮೂರ್ತಿಗಳು ಹೇಳಿದರು. ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ ಒಂಬತ್ತು ಹೈಕೋರ್ಟುಗಳು ಆ ಹಕ್ಕು ಇದೆ ಅಂದಿದ್ದವು. ಎಲ್ಲ ಬಿದ್ದುಹೋಯಿತು. ಎಚ್.ಆರ್. ಖನ್ನಾ ಒಬ್ಬರು ಮಾತ್ರ ಬೇರೆ ಬರೆದರು. ಪರೀಕ್ಷೆ ಮುಗಿದ ಮೇಲೆ ನಮ್ಮ ಹೆದರುಪುಕ್ಕಲು ಮೇಷ್ಟ್ರು ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿದರು. ಅತ್ತಿತ್ತ ನೋಡಿದರು. "ಖನ್ನಾ ಅಂತ ಹೆಸರು ನೆನಪಿಟ್ಕೋ," ಎಂದರು. "ಪರೀಕ್ಷೆಗೆ ಬರಲ್ಲ." ಅಂದ್ರೆ ಆವತ್ತಿನ ಜೋಕು ಅವರಿಗೆ ಕೇಳಿಸಿತ್ತು.

ಆ ತೀರ್ಪು ತಪ್ಪು ಅಂತ ಸುಪ್ರೀಂ ಕೋರ್ಟು ಬಾಯಿಬಿಟ್ಟು ಹೇಳಿ ಅದನ್ನು ತಳ್ಳಿಹಾಕಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ನಾಲ್ವರು ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಅಪ್ಪ ಚಂದ್ರಚೂಡರು ಬರೆದದ್ದನ್ನು ಅದೇ ಕೋರ್ಟಿನ ನ್ಯಾಯಮೂರ್ತಿಯಾದ ಮಗ ಚಂದ್ರಚೂಡರು ಅಳಿಸಿದರು. ಮೇಷ್ಟ್ರಿಗೆ ಫೋನ್ ಮಾಡಬೇಕು ಅನಿಸಿತು. ಅವರು ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು.

1977ರ ಜನವರಿ 18ಕ್ಕೆ ಚುನಾವಣೆ ಅಂತ ರೇಡಿಯೊ ಹೇಳಿತು. ಎರಡೇ ದಿನಕ್ಕೆ ಸ್ನೇಹಲತಾ ರೆಡ್ಡಿ ತೀರಿಕೊಂಡರು. 'ಸಂಸ್ಕಾರ' ಸಿನಿಮಾದ ಚಂದ್ರಿ. ಆಸ್ತಮಾ ಇದ್ದವರನ್ನು ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಇಟ್ಟು, ಇನ್ನು ಆಗದು ಅನ್ನುವ ಹೊತ್ತಿಗೆ ಪೆರೋಲ್ ಕೊಟ್ಟು ಕಳಿಸಿದ್ದರು. ಮನೆಗೆ ಬಂದು ಐದು ದಿನ ಇದ್ದರು. ನಮ್ಮ ಕಾಲೇಜಿನ ಹುಡುಗರು ಆ ಸಿನಿಮಾವನ್ನು ಎರಡೆರಡು ಸಲ ನೋಡಿದ್ದವರು. ಹಾಸ್ಟೆಲಿನಲ್ಲಿ ಆ ರಾತ್ರಿ ಯಾರೋ ಅತ್ತದ್ದು ಕೇಳಿಸಿತಂತೆ. ಇಷ್ಟು ತಿಂಗಳಲ್ಲಿ ಒಂದು ಸಾವು ನಮಗೆ ಮುಖದ ಸಮೇತ ಬಂದದ್ದು ಅದೊಂದೇ.

ಮಾರ್ಚಿನಲ್ಲಿ ಓಟು. ಆಗ 21 ಆಗಿದ್ದರೆ ಮಾತ್ರ ಓಟು, 18ಕ್ಕೆ ಇಳಿದದ್ದು 1989ರಲ್ಲಿ. ಹಾಗಾಗಿ ಜೈಲಿಗೆ ಹೋಗಿ ಬಂದ ನನ್ನ ಗೆಳೆಯನಿಗೂ ಓಟಿಲ್ಲ, ಹಾಳೆ ಸುಟ್ಟ ನನಗೂ ಇಲ್ಲ. ಕಾಂಗ್ರೆಸ್ಸಿನ ಗುರುತು ಹಸು-ಕರು. ಜನತಾ ಪಕ್ಷದ ಗುರುತು ನೇಗಿಲು ಹೊತ್ತ ರೈತ. ತಮಾಷೆ ನೋಡಿ, ನೇಗಿಲು ಹಿಡಿದೇ ಬದುಕಿದ ಅಪ್ಪ ಹಸು-ಕರುವಿಗೆ ಒತ್ತಿದ, ಅದನ್ನು ಮುಚ್ಚಿಡಲೂ ಇಲ್ಲ. ದೊಡ್ಡಪ್ಪ ನೇಗಿಲಿಗೆ ಒತ್ತಿದ. ಒಡೆಯರೂ ನೇಗಿಲಿಗೇ. ದೊಡ್ಡಪ್ಪನಿಗೂ ಒಡೆಯರಿಗೂ ಒಂದು ವಿಷಯಕ್ಕೆ ಒಮ್ಮತ ಬಂದದ್ದು ಅದೇ ಮೊದಲು, ಅದೇ ಕೊನೆ.

ದೇಶದಲ್ಲಿ ಕಾಂಗ್ರೆಸ್ ನೆಲ ಕಚ್ಚಿತು. ರಾಯ್ ಬರೇಲಿಯಲ್ಲಿ ಇಂದಿರಾ ಗಾಂಧಿಯೇ ಸೋತರು. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಹೋಯಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ. ಆಮೇಲೆ ದೆಹಲಿಯ ಕಡೆಯ ಸಹೋದ್ಯೋಗಿಗಳು ಬ್ಯಾಂಕಿನಲ್ಲಿ ನನ್ನನ್ನು ಕೆಣಕುತ್ತಿದ್ದರು, ನಿಮ್ಮ ಜನಕ್ಕೆ ಸ್ವಾತಂತ್ರ್ಯದ ಬೆಲೆ ಗೊತ್ತಿಲ್ಲ ಅಂತ. ನಾನು ನಗುತ್ತಿದ್ದೆ. ಬೆಂಚಿನ ತುದಿಯಲ್ಲಿ ಒಂದು ಗೇಣು ಜಾಗ ಸಿಕ್ಕಿದ್ದನ್ನು ಹೇಗೆ ವಿವರಿಸೋದು? ಅದೂ ಸ್ವಾತಂತ್ರ್ಯವೇ ಅಲ್ವಾ? ಹಾಗಂತ ಅವರ ಮಾತು ಪೂರ್ತಿ ಸುಳ್ಳು ಅಂತಲೂ ಹೇಳಲಾಗುತ್ತಿರಲಿಲ್ಲ. ಬಚ್ಚಲ ಒಲೆ ಕಣ್ಣ ಮುಂದೆ ಬರುತ್ತಿತ್ತು.

ಗೆಳೆಯ ಆಮೇಲೆ ಬೆಂಗಳೂರು ಸೇರಿದ. ನಾನು ಬ್ಯಾಂಕು ಸೇರಿದೆ. ಹತ್ತಾರು ವರ್ಷಕ್ಕೊಮ್ಮೆ ಮದುವೆ ಮನೆಯಲ್ಲೋ ತಿಥಿಯಲ್ಲೋ ಸಿಗುತ್ತಿದ್ದೆವು. ಮೂರು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಸಿಕ್ಕ. ಅವನಿದ್ದ ಹಳೇ ಜೈಲಿನ ಜಾಗ ಈಗ ಮೈದಾನ, ಫ್ರೀಡಂ ಪಾರ್ಕ್ ಅನ್ನುತ್ತಾರೆ. ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅವನು ಒಂದು ಮೂಲೆ ತೋರಿಸಿ, "ಅಲ್ಲಿ ನಲ್ಲಿ ಇತ್ತು," ಎಂದ. ಬೇರೇನೂ ಹೇಳಲಿಲ್ಲ. ನಾನು ಆಗ ಹೇಳಿದೆ. ಆ ಹಾಳೆ ಸುಟ್ಟದ್ದನ್ನು.

ಅವನು ನನ್ನ ಮುಖ ನೋಡಿದ. "ಓದಿದ್ಯಾ?"

"ಒಂದು ಹಾಳೆ."

"ನಾನು ಅದನ್ನೂ ಓದಿರ್ಲಿಲ್ಲ ಮಾರಾಯ," ಎಂದು ನಗಾಡಿದ. "ಟೈಮೆಲ್ಲಿ ಇತ್ತು?"

ಧೈರ್ಯ ಬಂತು. ಅವನ ಅಪ್ಪ ಆವತ್ತು ತಾಲ್ಲೂಕು ಕಚೇರಿಯಲ್ಲಿ ಹಾಗೆ ಹೇಳಿದ್ದು ಯಾಕೆ ಅಂತ ಕೇಳಿದೆ. ಅವನು ಬಹಳ ಹೊತ್ತು ಚೆಂಡಿನ ಕಡೆ ನೋಡುತ್ತಿದ್ದ. "ನಂಗೂ ಹೇಳಿಲ್ಲ. ನಾನು ಕೇಳೂ ಇಲ್ಲ," ಎಂದ. "ಆದ್ರೆ ಒಂದು ಗೊತ್ತು. ಆಮೇಲೆ ಸಾಯೋ ತನಕ ಅಪ್ಪ ನಿಮ್ಮ ಗದ್ದೆ ಅಂಚಲ್ಲಿ ಕಾಲಿಡ್ಲಿಲ್ಲ. ದೇವಸ್ಥಾನಕ್ಕೆ ಹೋಗ್ಬೇಕಾದ್ರೂ ಗುಡ್ಡ ಸುತ್ತಿ ಹೋಗ್ತಿದ್ರು. ಮಳೇಲೂ."

ಸಂಜೆಯ ಬಸ್ಸಿಗೆ ಇಬ್ಬರೂ ಊರಿಗೆ ಹೊರಟೆವು. ಒಂದೇ ಸೀಟು. ಇಳಿಯುವ ಹೊತ್ತಿಗೆ ಕತ್ತಲಾಗಿತ್ತು. ಆ ಗದ್ದೆಯಲ್ಲಿ ಅರ್ಧ ಈಗ ಅಡಿಕೆ, ಉಳಿದರ್ಧ ನನ್ನ ತಮ್ಮ ಇನ್ನೂ ಭತ್ತ ಹಾಕುತ್ತಾನೆ. ರಸ್ತೆಯಿಂದ ಅವರ ಮನೆಗೆ ಎರಡು ದಾರಿ. ಗೆಳೆಯ ತಿರುವಿನಲ್ಲಿ ಒಂದು ಕ್ಷಣ ನಿಂತ. ಮೊಬೈಲಿನ ಟಾರ್ಚ್ ಹಾಕಿಕೊಂಡ. ಆಮೇಲೆ ಚಪ್ಪಲಿ ಕೈಗೆ ತಗೊಂಡು ಗದ್ದೆ ಅಂಚಿಗೆ ಇಳಿದ. "ಜಾರುತ್ತೆ, ನೋಡ್ಕಂಡು ಬಾ," ಎಂದ ನನಗೆ. ನಾನು ಹಿಂದೆ ಹೋದೆ.